ಗಂಟುನೋವಿಗೆ ಸಿಬಿಡಿ ಎಣ್ಣೆ: ಸೀಸೆಯ ಮುಚ್ಚಳ ತೆರೆಯುವ ಮುನ್ನ

ಭಾನುವಾರದ ಬಲಿಪೂಜೆಯಲ್ಲಿ ಮೊಣಕಾಲೂರುವ ಹೊತ್ತು ಬಂದಾಗ ಬೆಂಚಿನಲ್ಲಿಯೇ ಕುಳಿತು ತಲೆಬಾಗುವ ಹಿರಿಯರು ನಮ್ಮ ಪ್ರತಿಯೊಂದು ದೇವಾಲಯದಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರ ಮೊಣಕಾಲಿನ ಗಂಟು ಸವೆದಿದೆ. ಕೆಲವರಿಗೆ ಕೈಬೆರಳುಗಳ ಸಂದುಗಳು ಊದಿಕೊಂಡು ಜಪಸರದ ಮಣಿ ಸರಿಸುವುದೂ ಪ್ರಯಾಸದ ಕೆಲಸವಾಗಿದೆ. 2006ರಲ್ಲಿ ಚಿಕುನ್‌ಗುನ್ಯಾ ಜ್ವರ ನಮ್ಮ ರಾಜ್ಯವನ್ನು ವ್ಯಾಪಿಸಿದಾಗ ತಿಂಗಳುಗಟ್ಟಲೆ ಕೀಲುನೋವು ಅನುಭವಿಸಿದವರಿಗೆ ಈ ವೇದನೆಯ ಸ್ವರೂಪವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಹೊರಗೆ ಗಾಯ ಕಾಣದು, ರಕ್ತ ಸುರಿಯದು. ಆದುದರಿಂದ ಮನೆಯವರಿಗೂ ಅದು ಬೇಗನೆ ಹಳೆಯ ಸುದ್ದಿಯಾಗಿಬಿಡುತ್ತದೆ. ನೋಯುವವರಿಗೆ ಮಾತ್ರ ಪ್ರತಿದಿನ ಮುಂಜಾನೆ ಅದು ಹೊಸದೇ.

ಇಂತಹ ಮನೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಔಷಧಿಯ ಹೆಸರು ಬಂದು ತಲುಪಿದೆ. ಅದು ಸಿಬಿಡಿ ಎಣ್ಣೆ. ಕೆನಡಾದಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿರುವ ಮಕ್ಕಳು ದೂರವಾಣಿಯಲ್ಲಿ ಇದರ ಗುಣಗಾನ ಮಾಡುತ್ತಾರೆ. ರಜೆಗೆ ಬರುವಾಗ ಚಾಕಲೇಟು, ಸಾಬೂನುಗಳ ನಡುವೆ ಒಂದು ಪುಟ್ಟ ಸೀಸೆಯನ್ನೂ ಇಟ್ಟುಕೊಂಡು ಬರುವವರಿದ್ದಾರೆ. ನಾಲಗೆಯ ಅಡಿಯಲ್ಲಿ ನಾಲ್ಕು ಹನಿ ಹಾಕಿಕೊಂಡರೆ ನೋವು ಮಾಯವಾಗುವುದೆಂಬ ಭರವಸೆ ಜೊತೆಗೆ ಬರುತ್ತದೆ. ಇದು ಗಾಂಜಾ ಗಿಡದಿಂದ ತೆಗೆದ ಎಣ್ಣೆ ಎಂಬುದು ತಿಳಿದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಕ್ರೈಸ್ತರ ಮನೆಯೊಳಗೆ ಅಮಲು ಪದಾರ್ಥವೇ ಎಂದು ಒಂದು ಪಕ್ಷ ಬೆಚ್ಚುತ್ತದೆ. ಗಿಡಮೂಲಿಕೆಯಲ್ಲವೇ, ಇದರಿಂದ ಕೆಡುಕೇನಾದೀತು ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ಈ ಎರಡು ಪಕ್ಷಗಳೂ ಕೇಳದೇ ಬಿಟ್ಟಿರುವ ಪ್ರಶ್ನೆಯೊಂದಿದೆ. ಈ ಎಣ್ಣೆ ಗಂಟುನೋವನ್ನು ನಿಜಕ್ಕೂ ತಗ್ಗಿಸುತ್ತದೆಯೇ? ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದುದು ಇದನ್ನೇ. ಇದಕ್ಕೆ ಇಂದು ಸಾಕಷ್ಟು ಸ್ಪಷ್ಟವಾದ ಉತ್ತರವೂ ದೊರೆತಿದೆ.

ಮೊದಲಿಗೆ ವಸ್ತು ಏನೆಂಬುದನ್ನು ತಿಳಿಯೋಣ. ನಮ್ಮ ಹಳ್ಳಿಗಳಲ್ಲಿ ಭಂಗಿ ಸೊಪ್ಪು ಎಂದು ಕರೆಯುವ ಗಿಡದಲ್ಲಿ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಿವೆ. ಅವುಗಳಲ್ಲಿ ಎರಡು ಪ್ರಮುಖವಾದವು. ಟಿಎಚ್‌ಸಿ ಎಂಬುದು ಅಮಲೇರಿಸುವ ಅಂಶ. ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಅಮಲೇರಿಸದ ಅಂಶ. ಸಿಬಿಡಿಯನ್ನು ಗಿಡದಿಂದ ಬೇರ್ಪಡಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ರೋಜರ್ ಆಡಮ್ಸ್. ಅದು 1940ರ ಮಾತು. ಅದರ ನಿಖರ ರಚನೆಯನ್ನು 1963ರಲ್ಲಿ ಕಂಡುಹಿಡಿದವರು ಇಸ್ರೇಲಿನ ರಾಫೆಲ್ ಮೆಕೌಲಮ್ ಮತ್ತು ಅವರ ಸಂಗಡಿಗರು. 1992ರಲ್ಲಿ ಇವರ ತಂಡವೇ ನಮ್ಮ ಮೆದುಳಿನಲ್ಲಿ ಸ್ವಾಭಾವಿಕವಾಗಿ ಉತ್ಪತ್ತಿಯಾಗುವ, ಗಾಂಜಾದ ಅಂಶಗಳನ್ನು ಹೋಲುವ ಕೆಲಸ ಮಾಡುವ ಒಂದು ದ್ರವ್ಯವನ್ನು ಗುರುತಿಸಿ, ಅದಕ್ಕೆ ಸಂಸ್ಕೃತದ ‘ಆನಂದ’ ಶಬ್ದದಿಂದ ‘ಆನಂದಮೈಡ್’ ಎಂದು ನಾಮಕರಣ ಮಾಡಿತು. ನೋವಿನ ಅನುಭವವನ್ನು ಹದದಲ್ಲಿಡುವ ಒಂದು ವ್ಯವಸ್ಥೆ ಶರೀರದಲ್ಲಿಯೇ ಇದೆಯೆಂಬುದು ಇದರಿಂದ ತಿಳಿಯಿತು. ಸಿಬಿಡಿಯ ಕುರಿತಾದ ಆಸೆಗಳಿಗೆಲ್ಲ ಬೇರು ಇಲ್ಲಿದೆ. ಅದು ಮೂರ್ಖರ ಆಸೆಯೇನೂ ಅಲ್ಲ.

ಸಂಧಿವಾತಕ್ಕೆ ಈ ಗಿಡವನ್ನು ಬಳಸಿದ ದಾಖಲೆಯೂ ನಮ್ಮ ದೇಶದ್ದೇ. ಐರ್ಲೆಂಡಿನವರಾದ ಡಾಕ್ಟರ್ ಓ ಶಾನೆಸ್ಸಿಯವರು ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದಾಗ ಇಲ್ಲಿನ ವೈದ್ಯರಿಂದಲೂ ಹಕೀಮರಿಂದಲೂ ವಿಚಾರಿಸಿ ತಿಳಿದುಕೊಂಡು, ಗಾಂಜಾದ ಸಾರವನ್ನು ಸಂಧಿವಾತದ ರೋಗಿಗಳಿಗೂ ಧನುರ್ವಾತದವರಿಗೂ ಕೊಟ್ಟು 1839ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಯೂರೋಪಿನ ವೈದ್ಯರಿಗೆ ಈ ಔಷಧಿಯ ಪರಿಚಯವಾದುದು ಮುಖ್ಯವಾಗಿ ಅವರಿಂದಲೇ. ಆದರೆ ಅವರು ಕೊಟ್ಟದ್ದು ಅಮಲಿನ ಅಂಶವೂ ಸೇರಿದ ಇಡೀ ರಾಳ. ಇಂದು ಸೀಸೆಯಲ್ಲಿ ಬರುತ್ತಿರುವುದು ಬೇರೆಯೇ ವಸ್ತು. ಆದುದರಿಂದ ‘ನಮ್ಮ ಪೂರ್ವಜರು ಬಳಸುತ್ತಿದ್ದರು’ ಎಂಬ ಮಾತು ಈ ಎಣ್ಣೆಯ ಪರವಾಗಿ ಸಾಕ್ಷಿಯಾಗಲಾರದು.

ಸಿಬಿಡಿ ನಿಜವಾದ ಔಷಧಿಯೆಂದು ಒಂದು ಕಾಯಿಲೆಯ ಮಟ್ಟಿಗೆ ಸಿದ್ಧವಾಗಿದೆ. ಮಕ್ಕಳಲ್ಲಿ ಕಾಣಿಸಿಕೊಳ್ಳುವ ಕೆಲವು ಘೋರ ಸ್ವರೂಪದ ಅಪಸ್ಮಾರಗಳಿಗೆ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರಾವಣವನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2018ರ ಜೂನ್ ತಿಂಗಳಿನಲ್ಲಿ ಅಂಗೀಕರಿಸಿತು. ಬೇರೆ ಮಾತ್ರೆಗಳಿಗೆ ಬಗ್ಗದ ಸೆಳವು ಹಲವು ಮಕ್ಕಳಲ್ಲಿ ಕಡಿಮೆಯಾಯಿತು. ತಾಯಂದಿರು ರಾತ್ರಿ ಕಣ್ಣುಮುಚ್ಚುವಂತಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ವ್ಯಾಪಾರಿಗಳಿಗೆ ಇಷ್ಟೇ ಸಾಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆನಡಾ ಗಾಂಜಾವನ್ನು ಕಾನೂನುಬದ್ಧಗೊಳಿಸಿತು. ಡಿಸೆಂಬರಿನಲ್ಲಿ ಅಮೆರಿಕವು ಅಮಲಿನಂಶ ತೀರ ಕಡಿಮೆಯಿರುವ ತಳಿಯ ಬೇಸಾಯಕ್ಕೆ ಅನುಮತಿಯಿತ್ತಿತು. ಅಲ್ಲಿಂದೀಚೆಗೆ ಸಿಬಿಡಿ ಎಂಬುದು ಎಣ್ಣೆಯಾಗಿ, ಮುಲಾಮಾಗಿ, ಮಿಠಾಯಿಯಾಗಿ, ನಾಯಿಗಳಿಗೆ ಹಾಕುವ ಬಿಸ್ಕತ್ತೂ ಆಗಿ ಅಂಗಡಿಗಳನ್ನು ತುಂಬಿತು. ಅಪಸ್ಮಾರಕ್ಕೆಂದು ಪರೀಕ್ಷಿಸಲ್ಪಟ್ಟ ಔಷಧಿಯು ಗಂಟುನೋವು, ನಿದ್ರಾಹೀನತೆ, ಮನೋವ್ಯಾಕುಲ ಎಲ್ಲಕ್ಕೂ ರಾಮಬಾಣವೆಂದು ಮಾರಾಟವಾಯಿತು.

ಹಾಗಾದರೆ ಗಂಟುನೋವಿನ ವಿಷಯದಲ್ಲಿ ಪರೀಕ್ಷೆಗಳು ನಡೆದಿಲ್ಲವೇ? ನಡೆದಿವೆ. ಸಂಧಿವಾತ ಬರಿಸಿದ ಇಲಿಗಳಲ್ಲಿ ಸಿಬಿಡಿ ಲೇಪನದಿಂದ ಊತ ಇಳಿದುದನ್ನು ಅಮೆರಿಕದ ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು. ಜಾಹೀರಾತುಗಳು ಇಂದಿಗೂ ನೆಚ್ಚಿಕೊಂಡಿರುವುದು ಇಂತಹ ಇಲಿಗಳ ಕಥೆಯನ್ನೇ. ಮನುಷ್ಯರ ಕಥೆ ಬೇರೆಯಾಯಿತು. ಡೆನ್ಮಾರ್ಕಿನಲ್ಲಿ ಕೈಬೆರಳುಗಳ ಗಂಟು ಸವೆದವರನ್ನೂ ಸೋರಿಯಾಸಿಸ್ ಚರ್ಮರೋಗದೊಂದಿಗೆ ಬರುವ ಸಂಧಿವಾತದವರನ್ನೂ ಒಟ್ಟುಗೂಡಿಸಿ, 136 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 20ರಿಂದ 30 ಮಿಲಿಗ್ರಾಂ ಸಿಬಿಡಿ. ಇನ್ನೊಂದಕ್ಕೆ ನೋಡಲು ಅದೇ ರೀತಿಯಿದ್ದರೂ ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. 12 ವಾರಗಳ ತರುವಾಯ ನೋಡಿದರೆ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತ್ತು. ಔಷಧಿಯಿದ್ದ ಮಾತ್ರೆಗೂ ಇಲ್ಲದ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಇದು 2022ರಲ್ಲಿ ಪ್ರಕಟವಾಯಿತು.

ಪ್ರಮಾಣ ಸಾಲದಾಯಿತು, ಹೆಚ್ಚು ಕೊಡಬೇಕಿತ್ತು ಎಂದು ಎಣ್ಣೆಯ ಅಭಿಮಾನಿಗಳು ಹೇಳಿದರು. ವಿಯೆನ್ನಾದ ವೈದ್ಯರು ಅದನ್ನೂ ಮಾಡಿ ನೋಡಿದರು. ಮೊಣಕಾಲಿನ ಗಂಟು ಸವೆದು ನೋಯುತ್ತಿದ್ದ 86 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ಯಾರಾಸಿಟಮಾಲ್ ಜೊತೆಗೆ ದಿನಕ್ಕೆ 600 ಮಿಲಿಗ್ರಾಂ ಸಿಬಿಡಿಯನ್ನು ಎಂಟು ವಾರಗಳ ಕಾಲ ಕೊಟ್ಟರು. 2023ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿಯೂ ನೋವು ತಗ್ಗುವುದರಲ್ಲಿ ಏನೂ ಹೆಚ್ಚಳ ಕಾಣಲಿಲ್ಲ. ಬದಲಾಗಿ ಸಿಬಿಡಿ ಸೇವಿಸಿದವರಲ್ಲಿ ಯಕೃತ್ತಿಗೆ ತೊಂದರೆಯಾಗುತ್ತಿರುವ ಸೂಚನೆಗಳೂ ಇತರ ಅಡ್ಡಪರಿಣಾಮಗಳೂ ಹೆಚ್ಚಾಗಿ ಕಾಣಿಸಿಕೊಂಡವು. 600 ಮಿಲಿಗ್ರಾಂ ಎಂದರೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ವಿದೇಶದಿಂದ ಬರುವ 30 ಮಿಲಿಲೀಟರಿನ ಸೀಸೆಯ ಮೇಲೆ 1000 ಮಿಲಿಗ್ರಾಂ ಎಂದು ಬರೆದಿದ್ದರೆ, ಆ ಪ್ರಮಾಣದಲ್ಲಿ ಅದು ಎರಡು ದಿನಕ್ಕೂ ಸಾಲದು. ನಮ್ಮ ಹಿರಿಯರು ಅದನ್ನು ಹನಿ ಹನಿಯಾಗಿ ಎರಡು ತಿಂಗಳು ಬಳಸುತ್ತಾರೆ.

ಪಕ್ಷಪಾತವೆಂಬ ಆಕ್ಷೇಪಕ್ಕೆ ಎಡೆಗೊಡದಿರಲೆಂದು ಇನ್ನೊಂದನ್ನೂ ಹೇಳಬೇಕು. ಹೆಬ್ಬೆರಳಿನ ಬುಡದ ಸಂಧಿನೋವಿಗೆ ಸಿಬಿಡಿಯನ್ನು ಹೊರಗಿನಿಂದ ಲೇಪಿಸಿ ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯೊಂದರಲ್ಲಿ ನೋವು ತಗ್ಗಿದುದು ಕಂಡುಬಂದಿತು. ಅದರಲ್ಲಿ ಭಾಗವಹಿಸಿದ್ದವರು ಕೇವಲ 18 ಮಂದಿ. ಮುಂದೆ ದೊಡ್ಡ ಪರೀಕ್ಷೆ ನಡೆದು ಅದು ನಿಜವೆಂದಾದರೆ ಸಂತೋಷವೇ. ಸದ್ಯಕ್ಕಂತೂ 2024ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾನಿಲಯದ ಸಂಶೋಧಕರು ನೋವಿಗೆ ಸಿಬಿಡಿ ಕೊಟ್ಟು ನಡೆಸಿದ 16 ಪರೀಕ್ಷೆಗಳನ್ನು ಪರಿಶೀಲಿಸಿದಾಗ 15ರಲ್ಲಿ ಅದು ಹುಸಿ ಔಷಧಿಗಿಂತ ಮೇಲೆನಿಸಲಿಲ್ಲ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತಾರಾಷ್ಟ್ರೀಯ ಸಂಘವು 2021ರಲ್ಲಿಯೇ ಗಾಂಜಾ ಮೂಲದ ಔಷಧಿಗಳನ್ನು ನೋವಿಗೆ ಅನುಮೋದಿಸಲಾಗದೆಂದು ತಿಳಿಸಿತ್ತು.

‘ನಮ್ಮ ಅಮ್ಮನಿಗೆ ಗುಣವಾಗಿದೆಯಲ್ಲ’ ಎಂದು ಕೇಳುವವರಿದ್ದಾರೆ. ಆ ಅಮ್ಮ ಸುಳ್ಳು ಹೇಳುತ್ತಿಲ್ಲ. ಡೆನ್ಮಾರ್ಕಿನಲ್ಲಿ ಬರಿಯ ಮಾತ್ರೆ ನುಂಗಿದವರಿಗೂ ನೋವು ತಗ್ಗಿತ್ತೆಂಬುದನ್ನು ಮರೆಯಬಾರದು. ಗಂಟುನೋವಿನ ಸ್ವಭಾವವೇ ಏರಿಳಿತದ್ದು. ನೋವು ಅತಿಯಾದಾಗ ಹೊಸ ಔಷಧಿ ಆರಂಭಿಸುತ್ತೇವೆ. ಅದು ತಾನಾಗಿಯೇ ಇಳಿಯುವಾಗ ಕೀರ್ತಿ ಔಷಧಿಗೆ ಸಲ್ಲುತ್ತದೆ. ಜೊತೆಗೆ, ಸಾವಿರಾರು ಮೈಲಿ ದೂರದಲ್ಲಿರುವ ಮಗ ತನ್ನ ನೋವನ್ನು ನೆನೆದು, ದುಡಿದ ಹಣವನ್ನು ವ್ಯಯಿಸಿ, ಪೆಟ್ಟಿಗೆಯಲ್ಲಿ ಜೋಪಾನವಾಗಿ ತಂದ ಸೀಸೆ ಅದು. ತಾಯಿಯ ಪಾಲಿಗೆ ಅದರಲ್ಲಿ ಔಷಧಿಗಿಂತ ಮಿಗಿಲಾದುದು ಇದ್ದೇ ಇದೆ. ಅದನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಆದರೆ ಅದೇ ಮಗ ಅದೇ ಹಣದಿಂದ ವಾರಕ್ಕೆ ಎರಡು ಬಾರಿ ತಾಯಿಯನ್ನು ಫಿಸಿಯೋಥೆರಪಿಗೆ ಕರೆದೊಯ್ಯಲು ಆಟೋರಿಕ್ಷಾದ ವ್ಯವಸ್ಥೆ ಮಾಡಿದ್ದರೆ ಆಕೆಯ ಮೊಣಕಾಲಿಗೆ ಹೆಚ್ಚು ಉಪಕಾರವಾಗುತ್ತಿತ್ತೆಂದು ಹೇಳದಿರಲಾರೆ. ಸೀಸೆಯನ್ನು ಕಳುಹಿಸುವುದು ಸುಲಭ. ಜೊತೆಗೆ ನಡೆಯುವವರನ್ನು ಒದಗಿಸುವುದು ಕಷ್ಟ.

ಇನ್ನು ಧರ್ಮದ ಪ್ರಶ್ನೆ. ಇದು ಪಾಪವೇ ಎಂದು ಗುರುಗಳನ್ನು ಕೇಳುವ ಹಿರಿಯರಿದ್ದಾರೆ. ನೋವನ್ನು ಶಿಲುಬೆಯೆಂದು ಭಾವಿಸಿ ಯಾವ ಔಷಧಿಯನ್ನೂ ಮುಟ್ಟದಿರುವವರೂ ಇದ್ದಾರೆ. ಧರ್ಮಸಭೆಯ ನಿಲುವಿನಲ್ಲಿ ಗೊಂದಲವಿಲ್ಲ. ಜಗದ್ಗುರು ಹನ್ನೆರಡನೇ ಪಿಯುಸರು 1957ರಲ್ಲಿ ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತ, ನೋವು ನಿವಾರಿಸಿಕೊಳ್ಳುವುದು ಕ್ರೈಸ್ತನಿಗೆ ನಿಷಿದ್ಧವಲ್ಲವೆಂದು ವಿಶದಪಡಿಸಿದ್ದಾರೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವು ಮಾದಕ ವಸ್ತುಗಳ ಬಳಕೆಯನ್ನು ಗುರುತರವಾದ ಅಪರಾಧವೆಂದು ಹೇಳುವಾಗಲೇ ಶುದ್ಧ ಚಿಕಿತ್ಸೆಯ ಕಾರಣವನ್ನು ಅದರಿಂದ ಹೊರತುಪಡಿಸಿದೆ. ಜಗದ್ಗುರು ಫ್ರಾನ್ಸಿಸರು 2014ರಲ್ಲಿ ವಿರೋಧಿಸಿದ್ದು ಮೋಜಿನ ಮಾದಕ ವಸ್ತುಗಳಿಗೆ ಕಾನೂನಿನ ಒಪ್ಪಿಗೆ ನೀಡುವುದನ್ನು. ಆದುದರಿಂದ ವೈದ್ಯರ ಸಲಹೆಯಂತೆ ಸೇವಿಸುವ ಅಮಲಿಲ್ಲದ ಔಷಧಿಯ ಬಗೆಗೆ ಪಾಪನಿವೇದನೆಯ ಪೀಠದವರೆಗೆ ಹೋಗಬೇಕಾದ ಭಯವಿಲ್ಲ. ಗಿಡದ ಹೆಸರಿನಿಂದಲೇ ಔಷಧಿಯು ಅಪವಿತ್ರವಾಗುವುದಿಲ್ಲ. ಆದರೆ ಚಿಕಿತ್ಸೆಯ ಕಾರಣ ಎನ್ನಬೇಕಾದರೆ ಅದು ಚಿಕಿತ್ಸೆಯಾಗಿರಬೇಕಷ್ಟೆ!

ಹೆಸರಿಗೆ ಹೆದರಿದ್ದರಿಂದ ನಾವು ತೆತ್ತಿರುವ ಬೆಲೆಯನ್ನೂ ಇಲ್ಲಿ ನೆನೆಯುವುದು ಉಚಿತ. 1985ರ ಮಾದಕ ದ್ರವ್ಯ ಕಾಯಿದೆ ಬಂದ ಮೇಲೆ ಪರವಾನಗಿಗಳ ಜಂಜಾಟಕ್ಕೂ ಶಿಕ್ಷೆಗೂ ಅಂಜಿ ಆಸ್ಪತ್ರೆಗಳೂ ಔಷಧಿ ಅಂಗಡಿಗಳೂ ಮಾರ್ಫೀನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ಹೊರದೇಶಗಳ ಔಷಧಿಗಾಗಿ ಅಫೀಮು ಬೆಳೆದು ರಫ್ತು ಮಾಡುವ ದೇಶದಲ್ಲಿ ಸ್ವಂತ ಕ್ಯಾನ್ಸರ್ ರೋಗಿಗಳು ಚೀರುತ್ತ ಸತ್ತರು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಕಟ್ಟಿದ ನೋವು ಮತ್ತು ಉಪಶಾಮಕ ಆರೈಕೆಯ ಸಂಘವು ಇದರ ವಿರುದ್ಧ ದನಿಯೆತ್ತಿತು. ಕಾಯಿದೆ ಸಡಿಲಗೊಳ್ಳಲು 2014ರವರೆಗೆ ಕಾಯಬೇಕಾಯಿತು. ಮಾರ್ಫೀನ್ ಗಂಟುನೋವಿಗೆ ಬಳಸುವ ಔಷಧಿಯಲ್ಲ; ಆದರೂ ಅದರ ಕಥೆಯನ್ನು ಎತ್ತಿದ್ದೇಕೆಂದರೆ, ಅಲ್ಲಿ ಔಷಧಿಗೆ ಗುಣವಿತ್ತು, ನಾವು ಭಯದಿಂದ ಅದನ್ನು ದೂರವಿಟ್ಟೆವು. ಇಲ್ಲಿ ಗುಣ ಸಿದ್ಧವಾಗಿಲ್ಲ, ಆದರೂ ಆಸೆಯಿಂದ ಬರಮಾಡಿಕೊಳ್ಳುತ್ತಿದ್ದೇವೆ.

ಗಿಡಮೂಲಿಕೆಯಿಂದ ಕೆಡುಕಾಗದೆಂಬ ಮಾತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿರುವಂತೆ ಶುದ್ಧ ಸಿಬಿಡಿಯಿಂದ ಚಟ ಹತ್ತುವ ಲಕ್ಷಣವಿಲ್ಲ. ಇದು ಸಮಾಧಾನದ ಸಂಗತಿ. ಆದರೆ ನಾವು ಸೇವಿಸುವ ಬಹಳಷ್ಟು ಮಾತ್ರೆಗಳನ್ನು ಕರಗಿಸಿ ಹೊರಹಾಕುವ ಕೆಲಸ ಯಕೃತ್ತಿನದು. ಸಿಬಿಡಿ ಆ ಕೆಲಸವನ್ನು ನಿಧಾನಗೊಳಿಸುತ್ತದೆ. ಪರಿಣಾಮವಾಗಿ ಬೇರೆ ಔಷಧಿ ರಕ್ತದಲ್ಲಿ ಮಿತಿಮೀರಿ ನಿಲ್ಲಬಹುದು. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ಸೇವಿಸುತ್ತಿರುವವರಿಗೆ ಇದರಿಂದ ರಕ್ತಸ್ರಾವದ ಅಪಾಯವಿದೆ. ಅಪಸ್ಮಾರದ ಮಾತ್ರೆಗಳಾದ ಕ್ಲೋಬಜಾಮ್, ವಾಲ್‌ಪ್ರೋಯೇಟ್ ಸೇವಿಸುವವರೂ ಎಚ್ಚರ ವಹಿಸಬೇಕು. ಅರುವತ್ತು ದಾಟಿದವರ ಮನೆಯಲ್ಲಿ ಮಾತ್ರೆಗಳ ಡಬ್ಬಿ ಎಷ್ಟು ದೊಡ್ಡದಿರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಅದರ ಮೇಲೆ ಯಾರಿಗೂ ಹೇಳದೆ ಇನ್ನೊಂದನ್ನು ಸೇರಿಸುವುದು ಜಾಣತನವಲ್ಲ.

ಸೀಸೆಯ ಮೇಲೆ ಬರೆದುದು ಸೀಸೆಯೊಳಗೆ ಇರುತ್ತದೆಯೆಂಬ ಖಾತರಿಯೂ ಇಲ್ಲ. ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ಮಾರಾಟವಾಗುತ್ತಿದ್ದ 84 ಬಗೆಯ ಸಿಬಿಡಿ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದಾಗ, ಚೀಟಿಯಲ್ಲಿ ನಮೂದಿಸಿದ ಪ್ರಮಾಣಕ್ಕೆ ಹೊಂದುತ್ತಿದ್ದವು 26 ಮಾತ್ರ. 18ರಲ್ಲಿ ಅಮಲಿನ ಟಿಎಚ್‌ಸಿ ಇತ್ತು. ಈ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ವಯಸ್ಸಾದವರಿಗೆ ಟಿಎಚ್‌ಸಿಯಿಂದ ತಲೆಸುತ್ತು ಬರಬಹುದು; ರಾತ್ರಿ ಎದ್ದು ಬಚ್ಚಲಿಗೆ ನಡೆಯುವಾಗ ಬಿದ್ದು ಸೊಂಟದ ಮೂಳೆ ಮುರಿದರೆ ಮೊಣಕಾಲಿನ ನೋವೇ ವಾಸಿಯಿತ್ತೆನಿಸೀತು.

ನಮ್ಮ ದೇಶದಲ್ಲಿ ಕಾನೂನಿನ ಸ್ಥಿತಿ ಸ್ವಲ್ಪ ವಿಚಿತ್ರವಾದುದು. 1985ರ ಕಾಯಿದೆಯು ಗಾಂಜಾ ಎಂದು ಕರೆಯುವುದು ಗಿಡದ ಹೂತೆನೆಯನ್ನು. ಚರಸ್ ಎಂಬುದು ಅದರ ರಾಳ. ಹೂವಿನೊಡನೆ ಇಲ್ಲದ ಬರಿಯ ಎಲೆ ಮತ್ತು ಬೀಜ ಈ ವ್ಯಾಖ್ಯೆಯ ಹೊರಗಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಅರ್ಜಿಯೊಂದನ್ನು ವಿಚಾರಿಸುವಾಗ ಭಾಂಗ್ ಈ ಕಾಯಿದೆಯಡಿ ನಿಷೇಧಿತ ವಸ್ತುವೆಂದು ಎಲ್ಲಿಯೂ ಹೇಳಿಲ್ಲವೆಂದು ಅಭಿಪ್ರಾಯಪಟ್ಟದ್ದು ಇದೇ ಆಧಾರದಿಂದ. ಆಯುರ್ವೇದದಲ್ಲಿ ‘ವಿಜಯಾ’ ಎಂಬ ಹೆಸರಿರುವ ಈ ಎಲೆಯ ಸಾರವನ್ನು ಎಣ್ಣೆಯಾಗಿ ತಯಾರಿಸಿ ಮಾರುವ ಪರವಾನಗಿ ಹೊಂದಿದ ಕಂಪೆನಿಗಳು ಇಲ್ಲಿಯೂ ಇವೆ. ಆದರೆ ನಮ್ಮ ಔಷಧ ನಿಯಮಗಳು ಗಾಂಜಾ ಗಿಡವನ್ನು, ಬೀಜದ ಹೊರತು, ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿವೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಚೀಟಿಯ ಮೇಲೆ ಇರಲೇಬೇಕು. ಎಲೆಯ ಸಾರದಲ್ಲಿ ಅಮಲಿನಂಶವೂ ಇರಬಹುದೆಂಬುದನ್ನು ಕೊಳ್ಳುವವರು ಗಮನಿಸಬೇಕು. ಅಂತೆಯೇ ಅದೇ ಗಿಡದ ಬೀಜದಿಂದ ತೆಗೆದ ಅಡುಗೆ ಎಣ್ಣೆಯೂ ಮಾರುಕಟ್ಟೆಗೆ ಬಂದಿದೆ. ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಅಲ್ಪ; ಎರಡನ್ನೂ ಒಂದೇ ಎಂದು ನಂಬಿ ದುಬಾರಿ ಬೆಲೆ ತೆರುವವರಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವ ಅಪಾಯ ಬೇರೊಂದಿದೆ. ಗಂಟುನೋವು ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ವಯಸ್ಸಿನೊಡನೆ ಸಂದಿನ ಮೃದ್ವಸ್ಥಿ ಸವೆಯುವುದು ಒಂದು. ಶರೀರದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಸಂದುಗಳ ಮೇಲೆ ಎರಗುವ ರುಮಟಾಯಿಡ್ ಆರ್ಥ್ರೈಟಿಸ್ ಇನ್ನೊಂದು. ಈ ಎರಡನೆಯದು ಮೂವತ್ತು ನಲವತ್ತರ ಹರೆಯದ ಹೆಂಗಸರಿಗೂ ಬರುತ್ತದೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡಿರುವುದು, ಎರಡೂ ಕೈಗಳ ಸಣ್ಣ ಸಂದುಗಳು ಊದುವುದು ಇದರ ಲಕ್ಷಣ. ಮೊದಲ ಒಂದೆರಡು ವರ್ಷಗಳಲ್ಲಿಯೇ ಅದು ಸಂದನ್ನು ಕೊರೆದು ಹಾಳುಮಾಡಬಲ್ಲದು. ಹಾಳಾದುದು ಮರಳಿ ಬರುವುದಿಲ್ಲ. ಆದರೆ ಸಕಾಲದಲ್ಲಿ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್‌ನಂತಹ ಮಾತ್ರೆ ಆರಂಭಿಸಿದರೆ ಬಹುಪಾಲು ಮಂದಿ ಕೈ ಕೊಂಕದಂತೆ ಬದುಕಬಲ್ಲರು. ಇದು ಕಳೆದ ಕೆಲವು ದಶಕಗಳ ವೈದ್ಯಶಾಸ್ತ್ರದ ದೊಡ್ಡ ಕೊಡುಗೆ. ಇಂತಹ ರೋಗಿ ‘ಇಂಗ್ಲಿಷ್ ಔಷಧಿ ಉಷ್ಣ’ ಎಂದು ಅದನ್ನು ನಿಲ್ಲಿಸಿ ಹನಿ ಎಣ್ಣೆಯನ್ನು ನಂಬಿದರೆ, ನೋವು ಸ್ವಲ್ಪ ಸಹ್ಯವೆನಿಸುತ್ತಿರುವಾಗಲೇ ಒಳಗೆ ಸಂದು ಕರಗುತ್ತಿರುತ್ತದೆ. ಆರು ತಿಂಗಳ ಬಳಿಕ ಮರಳಿ ಬಂದಾಗ ವೈದ್ಯರು ಮಾಡಬಹುದಾದುದು ಕಡಿಮೆ. ಎರಡನ್ನೂ ಒಟ್ಟಿಗೆ ಸೇವಿಸುತ್ತೇನೆಂದರೆ ಅಲ್ಲಿಯೂ ತೊಡಕಿದೆ. ಎರಡೂ ಯಕೃತ್ತಿನ ಮೇಲೆ ಭಾರ ಹಾಕುವಂಥವು. (ನಾಟಿ ಪುಡಿಗಳದ್ದೂ ಇದೇ ಬಗೆಯ ಕಥೆ. ಮೂರೇ ದಿನಗಳಲ್ಲಿ ಗಂಟುನೋವು ಓಡಿಸುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪತ್ತೆಯಾಗಿದೆ. ಅವುಗಳ ಪವಾಡದ ಗುಟ್ಟು ಇದೇ.)

ಸವೆತದ ಗಂಟಿಗೆ ಇರುವ ಚಿಕಿತ್ಸೆ ಬಹಳ ಸಪ್ಪೆಯಾದುದು. ಸಪ್ಪೆಯಾದುದರಿಂದಲೇ ಯಾರೂ ಅದರ ಜಾಹೀರಾತು ಮಾಡುವುದಿಲ್ಲ. ದೇಹದ ತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋದಷ್ಟು ತಗ್ಗುವುದೆಂದು ಅಳೆದು ನೋಡಿದವರಿದ್ದಾರೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ ಹತ್ತು ಎಣಿಸಿ ಇಳಿಸುವ ವ್ಯಾಯಾಮ ತೊಡೆಯ ಸ್ನಾಯುವನ್ನು ಬಲಪಡಿಸುತ್ತದೆ. ಸ್ನಾಯು ಬಲವಾದಷ್ಟು ಗಂಟಿನ ಹೊರೆ ಹಗುರ. ನೋವೆಂದು ನಡೆಯುವುದನ್ನು ಬಿಟ್ಟವರ ಮೊಣಕಾಲು ಇನ್ನಷ್ಟು ಬಿಗಿಯುತ್ತದೆ. ಊರುಗೋಲನ್ನು ನೋಯುವ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕೆಂಬ ಸಣ್ಣ ವಿಷಯವನ್ನೂ ಬಹಳ ಮಂದಿ ಅರಿಯರು. ನೋವು ಹೆಚ್ಚಾದಾಗ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ಯಾವ ಔಷಧಿ ಅಂಗಡಿಯಲ್ಲಿಯೂ ದೊರೆಯುತ್ತದೆ, ಬೆಲೆಯೂ ಅಷ್ಟೇನಿಲ್ಲ. ಗಂಟು ಪೂರ್ತಿ ಹಾಳಾದವರಿಗೆ ಮೊಣಕಾಲು ಬದಲಾವಣೆಯ ಶಸ್ತ್ರಚಿಕಿತ್ಸೆಯಿದೆ. ಕೃತಕ ಗಂಟಿನ ಬೆಲೆಗೆ ಕೇಂದ್ರ ಸರಕಾರ 2017ರಲ್ಲಿ ಮಿತಿ ಹಾಕಿದ ಬಳಿಕ ಅದು ಹಿಂದಿನಷ್ಟು ಕೈಗೆಟುಕದ ಮಾತಲ್ಲ. ಇದರೊಡನೆ ಮನೆಯಲ್ಲಿ ಕುಕ್ಕರಗಾಲಿನ ಪಾಯಖಾನೆಯ ಬದಲು ಕುರ್ಚಿಯಂತೆ ಕೂರುವ ಕಮೋಡು, ಬಚ್ಚಲಿನ ಗೋಡೆಗೊಂದು ಹಿಡಿ, ಮಣೆಯ ಬದಲು ಎತ್ತರದ ಪೀಠ. ಇವು ಮಾಡಿಸುವವರಿಗೆ ಸಣ್ಣ ಖರ್ಚು, ಅನುಭವಿಸುವವರಿಗೆ ದೊಡ್ಡ ಉಪಕಾರ. ಧರ್ಮಕೇಂದ್ರಗಳ ಮಹಿಳಾ ಸಂಘಟನೆಗಳೂ ಯುವ ಸಂಚಲನವೂ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣಾ ಶಿಬಿರ ನಡೆಸುವಂತೆ ಗಂಟುನೋವಿನ ಶಿಬಿರವನ್ನೂ ನಡೆಸಿ, ಒಬ್ಬ ತಜ್ಞ ವೈದ್ಯರನ್ನೂ ಒಬ್ಬ ಫಿಸಿಯೋಥೆರಪಿಸ್ಟರನ್ನೂ ಕರೆಸಬಾರದೇಕೆ? ಯಾರಿಗೆ ಸವೆತ, ಯಾರಿಗೆ ರುಮಟಾಯಿಡ್ ಎಂಬುದು ಅಲ್ಲಿಯೇ ಅರ್ಧ ಬಗೆಹರಿಯುತ್ತದೆ.

ಈಗಾಗಲೇ ಮನೆಯಲ್ಲಿ ಸೀಸೆಯಿದ್ದರೆ ಗಾಬರಿಯಾಗಬೇಕಾಗಿಲ್ಲ, ಅಡಗಿಸಿಡಲೂ ಬೇಡ. ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಅದನ್ನು ಉಳಿದ ಮಾತ್ರೆಗಳೊಡನೆ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ತಿಳಿಸಿ. ಸೇವಿಸುತ್ತಿರುವ ಬೇರಾವ ಔಷಧಿಯನ್ನೂ ಅದರ ಭರವಸೆಯಿಂದ ನಿಲ್ಲಿಸಬೇಡಿ.

ತರಲಿರುವವರಿಗೆ ಮಾತ್ರ ಒಂದು ಕಿವಿಮಾತು ಇಂದೇ ದೂರವಾಣಿಯಲ್ಲಿ ಹೇಳುವುದೊಳ್ಳೆಯದು. ಕೆನಡಾದ ಅಂಗಡಿಯಲ್ಲಿ ರಾಜಾರೋಷವಾಗಿ ಕೊಂಡ ಸೀಸೆಯನ್ನು ಆ ದೇಶದ ಗಡಿ ದಾಟಿಸುವುದನ್ನು ಆ ದೇಶದ ಕಾನೂನೇ ನಿಷೇಧಿಸಿದೆ. ಸಿಬಿಡಿಗೂ ಅದರಿಂದ ವಿನಾಯಿತಿಯಿಲ್ಲ. ಹೂವಿನಿಂದಲೋ ರಾಳದಿಂದಲೋ ತೆಗೆದ ಎಣ್ಣೆಯಾದರೆ ಭಾರತದ ವಿಮಾನ ನಿಲ್ದಾಣದಲ್ಲಿಯೂ ಅದು ಮಾದಕ ದ್ರವ್ಯ ಕಾಯಿದೆಯ ಪ್ರಕರಣವಾದೀತು. ಎಲ್ಲಕ್ಕಿಂತ ಮಿಗಿಲಾಗಿ, ಟೊರಾಂಟೊದಿಂದ ಊರಿಗೆ ಬರುವವರಲ್ಲಿ ಬಹಳ ಮಂದಿ ವಿಮಾನ ಬದಲಿಸುವುದು ದುಬೈ ಅಥವಾ ಅಬುಧಾಬಿಯಲ್ಲಿ. ಸಂಯುಕ್ತ ಅರಬ್ ಸಂಸ್ಥಾನದ ಕಾನೂನಿನ ಕಣ್ಣಿಗೆ ಸಿಬಿಡಿ ಎಣ್ಣೆಯೂ ಮಾದಕ ವಸ್ತುವೇ. ಅಮ್ಮನ ಮೊಣಕಾಲಿಗೆಂದು ತಂದದ್ದು ಎಂಬ ವಿವರಣೆಯನ್ನು ಅಲ್ಲಿನ ಪೊಲೀಸರ ಮುಂದೆ ಕೊಡಬೇಕಾದ ಪ್ರಸಂಗ ನಮ್ಮ ಯಾವ ಮಗನಿಗೂ ಮಗಳಿಗೂ ಬಾರದಿರಲಿ.